ಕೈಯಲ್ಲಿ ಮಾಡಿದ ಚಾಕುವಿಗೆ ಆರೂವರೆ ಸಾವಿರ ಕೊಡಬಹುದಾ? ಒಳ್ಳೆಯದು ಅಂತ ಗುರುತಿಸೋದು ಹೇಗೆ?

ಸಾಗರದ ಹುಡುಗ

ಎಲ್ಲರಿಗೂ ನಮಸ್ಕಾರ. ಊರು ಸಾಗರದ ಹತ್ತಿರ, ಈಗ ಇರುವುದು ಬೆಂಗಳೂರಿನಲ್ಲಿ. ಅಡುಗೆಮನೆಗೆ ಒಂದು ಒಳ್ಳೆಯ ಚಾಕು ತಗೊಳ್ಳಬೇಕು ಅಂತ ಮೂರು ತಿಂಗಳಿಂದ ಹುಡುಕುತ್ತಿದ್ದೇನೆ.

ಒಬ್ಬರೇ ಕೂತು ಮಾಡುವ ಸಣ್ಣ ಕುಲುಮೆಯವರ ಚಾಕು ಒಂದು ತುಂಬಾ ಹಿಡಿಸಿದೆ. 8 ಇಂಚಿನ ಅಲಗು, ಬೀಟೆ ಮರದ ಹಿಡಿ, ಬೆಲೆ ₹6,500. ‘1095 ಹೈ ಕಾರ್ಬನ್ ಸ್ಟೀಲ್, 60 ಎಚ್‌ಆರ್‌ಸಿ’ ಎಂದು ಬರೆದಿದ್ದಾರೆ. ಇತ್ತ ಊರಿನಲ್ಲಿ ಅಪ್ಪ ಕುಲುಮೆಯಲ್ಲಿ ಮಾಡಿಸಿದ ಕತ್ತಿ ಇದೆ. 11 ವರ್ಷ ಆಯಿತು, ಸೊಪ್ಪು ಕಡಿಯಲು, ಬಾಳೆಗೊನೆ ಇಳಿಸಲು, ಬೇಲಿ ಸವರಲು ಎಲ್ಲಕ್ಕೂ ಅದೇ. ಈಗ ಅಂಥದ್ದನ್ನೇ ಮಾಡಿಸಿದರೆ ₹600 ಅಂತೆ.

ನನಗೆ ಹೆದರಿಕೆ ಯಾಕೆಂದರೆ, ಎರಡು ವರ್ಷದ ಹಿಂದೆ ಆನ್‌ಲೈನ್‌ನಲ್ಲಿ ₹3,200 ಕೊಟ್ಟು ‘ಡಮಾಸ್ಕಸ್’ ಚಾಕು ತರಿಸಿದ್ದೆ. ನೋಡಲು ಬಹಳ ಚಂದ, ಅಲಗಿನ ತುಂಬಾ ನೀರಿನ ಅಲೆ ಥರ ಗೆರೆ. ಒಂದು ತಿಂಗಳಿಗೆ ಬಾಯಿ ಗರಗಸದ ಹಾಗೆ ಮುಕ್ಕಾಯಿತು. ಮಾರಿದವರು ‘ನೀವು ಸರಿಯಾಗಿ ಬಳಸಿಲ್ಲ’ ಎಂದು ಕೈ ತೊಳೆದುಕೊಂಡರು. ನಾನು ಅದರಲ್ಲಿ ಕೊಯ್ದಿದ್ದು ತರಕಾರಿ ಮಾತ್ರ.

ಫೋಟೋ ನೋಡಿ ಏನು ತಿಳಿಯಬಹುದು? ಕೈಗೆ ಬಂದ ಮೇಲೆ ಏನು ನೋಡಬೇಕು? ಹತ್ತು ಪಟ್ಟು ದುಡ್ಡಿಗೆ ನಿಜವಾಗಿಯೂ ಏನು ಸಿಗುತ್ತದೆ?

ತೋಟದಮನೆ

ನಾನು ಸಿದ್ದಾಪುರ ಕಡೆಯವನು. ನಿಮ್ಮ ಅಪ್ಪನ ಕತ್ತಿ 11 ವರ್ಷ ಬಂದಿದೆ ಅಂದರೆ ಅದನ್ನು ಬಡಿದವರಿಗೆ ಹದ, ಅಂದರೆ ಕಾಯಿಸಿ ತಣಿಸಿ ಉಕ್ಕಿಗೆ ಬೇಕಾದಷ್ಟು ಗಟ್ಟಿತನ ತರುವುದು, ಗೊತ್ತಿತ್ತು. ಬೇರೆಲ್ಲ ಆಮೇಲೆ.

ನಮ್ಮ ಕಡೆ ಕತ್ತಿ ಮಾಡುವುದು ಹೆಚ್ಚಾಗಿ ಹಳೇ ಲಾರಿ ಪ್ಲೇಟಿನಲ್ಲಿ, ಅಂದರೆ ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ. ‘ಲಾರಿ ಪ್ಲೇಟಿಂದು’ ಅಂದ ತಕ್ಷಣ ಜನ ಒಳ್ಳೆಯದು ಅಂದುಕೊಳ್ಳುತ್ತಾರೆ. ಆದರೆ ಒಂದೇ ಪ್ಲೇಟನ್ನು ಮೂರು ಜನರಿಗೆ ಕೊಟ್ಟು ನೋಡಿ. ಒಬ್ಬರ ಕತ್ತಿ ಬಾಯಿ ಮಡಚುತ್ತದೆ. ಇನ್ನೊಬ್ಬರದು ಗಂಟು ಸಿಕ್ಕಿದರೆ ಮುಕ್ಕಾಗುತ್ತದೆ. ಮೂರನೆಯವರದು ಮಡಚುವುದೂ ಇಲ್ಲ, ಮುಕ್ಕಾಗುವುದೂ ಇಲ್ಲ. ಕಬ್ಬಿಣ ಒಂದೇ, ಹದ ಬೇರೆ.

ಒಂದು ಸಲ ಕುಲುಮೆ ಎದುರು ಕೂತು ನೋಡಿ. ನಾನು ಚಿಕ್ಕವನಿದ್ದಾಗ ತಿದಿ ಒತ್ತುತ್ತಾ ಕೂರುತ್ತಿದ್ದೆ. ಬಡಿದು ಮುಗಿದ ಮೇಲೆ ಆಚಾರರು ಕತ್ತಿಯ ಬಾಯಿಯ ಕಡೆ ಮಾತ್ರ ಕೆಂಡದಲ್ಲಿ ಇಡುತ್ತಿದ್ದರು. ಕೆಂಪು ಸಮನಾಗಿ ಏರಬೇಕು. ಒಂದು ಕಡೆ ಜಾಸ್ತಿ ಬೆಳ್ಳಗಾದರೆ ಹೊರಗೆ ತೆಗೆದು ಆರಲು ಬಿಡುತ್ತಿದ್ದರು. ಕುಲುಮೆ ಒಳಗೆ ಯಾವಾಗಲೂ ಮಬ್ಬು ಕತ್ತಲೆ ಇರುವುದು ಅದಕ್ಕೇ, ಬಿಸಿಲಿನಲ್ಲಿ ಕೆಂಪು ಎಷ್ಟು ಎಂದು ಗೊತ್ತಾಗುವುದಿಲ್ಲ. ಬಣ್ಣ ಸರಿ ಬಂದ ಮೇಲೆ ಬಾಯಿಯನ್ನಷ್ಟೇ ನೀರಿಗೆ ಮುಳುಗಿಸಿ ತೆಗೆಯುತ್ತಿದ್ದರು. ಬೆನ್ನು ಇನ್ನೂ ಬಿಸಿ ಇರುತ್ತದೆ. ತಕ್ಷಣ ಇಟ್ಟಿಗೆ ಚೂರಿನಿಂದ ಬಾಯಿಯನ್ನು ಉಜ್ಜಿ ಬೆಳ್ಳಗೆ ಮಾಡುತ್ತಿದ್ದರು. ಆಗ ನೋಡಬೇಕು. ಬೆನ್ನಿನ ಕಾವು ಬಾಯಿಯ ಕಡೆ ಇಳಿಯುತ್ತಾ ಬಣ್ಣ ಹರಿಯುತ್ತದೆ. ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಜೇನಿನ ಬಣ್ಣ, ಆಮೇಲೆ ನೇರಳೆ, ಕೊನೆಗೆ ನೀಲಿ. ಕಡಿಯುವ ಕತ್ತಿಗೆ ನೇರಳೆ ಶುರುವಾಗುವ ಹೊತ್ತಿಗೆ ಪೂರ್ತಿ ನೀರಿಗೆ. ಕೊಯ್ಯುವ ಚಾಕುವಾದರೆ ಹಳದಿಯಲ್ಲೇ ನಿಲ್ಲಿಸಬೇಕು. ಎಣಿಸಿದರೆ ಹತ್ತು ಹದಿನೈದು ಸೆಕೆಂಡಿನ ಆಟ. ಅಷ್ಟರಲ್ಲಿ ಯಾರಾದರೂ ಮಾತಾಡಿಸಿದರೆ ಅವರು ಉತ್ತರ ಕೊಡುತ್ತಿರಲಿಲ್ಲ.

ನೀವು ದುಡ್ಡು ಕೊಡುವುದು ಆ ಹದಿನೈದು ಸೆಕೆಂಡಿಗೆ. ಹಿಡಿ, ಹೊಳಪು, ಗೆರೆ ಎಲ್ಲ ಅದರ ನಂತರ.

ಪೀಣ್ಯದವನು

ತೋಟದಮನೆ ಅಣ್ಣ ಹೇಳಿದ್ದು ಅಕ್ಷರಕ್ಷರ ಸತ್ಯ. ನಾನು ಪೀಣ್ಯದಲ್ಲಿ ಹೀಟ್ ಟ್ರೀಟ್‌ಮೆಂಟ್ ಶಾಪಿನಲ್ಲಿ ಕೆಲಸ ಮಾಡುತ್ತೇನೆ. ಅವರು ಹೇಳಿದ ಬಣ್ಣಗಳನ್ನೇ ನಾವು ಡಿಗ್ರಿಯಲ್ಲಿ ಹೇಳುತ್ತೇವೆ. ಹಳದಿ ಅಂದರೆ ಸುಮಾರು 200ರಿಂದ 230 ಡಿಗ್ರಿ ಸೆಲ್ಸಿಯಸ್, ನೇರಳೆ 270-280, ನೀಲಿ 300ರ ಹತ್ತಿರ. ಇದು ಟೆಂಪರಿಂಗ್. ಅದಕ್ಕಿಂತ ಮುಂಚೆ ಕೆಂಪಗೆ ಕಾಯಿಸಿ ಅದ್ದುವುದು ಹಾರ್ಡನಿಂಗ್. ಎರಡೂ ಆಗಬೇಕು. ಅದ್ದಿ ಬಿಟ್ಟರೆ ಗಾಜಿನ ಹಾಗೆ ಒಡೆಯುತ್ತದೆ. ನಿಮ್ಮ ಡಮಾಸ್ಕಸ್ ಮುಕ್ಕಾಗಿದ್ದು ಬಹುಶಃ ಟೆಂಪರಿಂಗ್ ಸರಿಯಾಗದೆ.

ಈಗ ಆ ‘60 ಎಚ್‌ಆರ್‌ಸಿ’ ವಿಷಯ. ಎಚ್‌ಆರ್‌ಸಿ ಅಂದರೆ ಉಕ್ಕಿನ ಗಟ್ಟಿತನದ ರಾಕ್‌ವೆಲ್ ಅಳತೆ. ವಜ್ರದ ಮೊನೆಯನ್ನು 150 ಕೆ.ಜಿ. ಭಾರದಲ್ಲಿ ಉಕ್ಕಿನ ಮೇಲೆ ಒತ್ತಿ, ಎಷ್ಟು ಆಳ ಇಳಿಯಿತು ಎಂದು ನೋಡುತ್ತೇವೆ. ಹಾಗೆ ಒತ್ತಿದ ಜಾಗದಲ್ಲಿ ಸಾಸಿವೆಗಿಂತ ಚಿಕ್ಕ ಚುಕ್ಕಿ ಉಳಿಯುತ್ತದೆ. ಮಾಡಿದವರನ್ನು ಕೇಳಿ, ‘ಎಲ್ಲಿ ಅಳೆದಿರಿ? ಈ ಚಾಕುವಿನಲ್ಲೇ ಅಳೆದಿರಾ, ಇದರ ಜೊತೆ ಕಾಯಿಸಿದ ತುಂಡಿನಲ್ಲಿ ಅಳೆದಿರಾ?’ ಅಳೆದವರು ಥಟ್ಟನೆ ಹೇಳುತ್ತಾರೆ. ಅಳೆಯದವರು ಸ್ಟೀಲ್ ಕಂಪನಿಯ ಚಾರ್ಟಿನಲ್ಲಿ ಇರುವ ನಂಬರನ್ನು ಹಾಕಿರುತ್ತಾರೆ. ಅದು ‘ಎಲ್ಲ ಸರಿಯಾಗಿ ಮಾಡಿದರೆ ಇಷ್ಟು ಬರಬಹುದು’ ಅನ್ನುವ ನಂಬರ್.

ಇನ್ನೊಂದು ವಿಷಯವನ್ನು ಯಾರೂ ಹೇಳುವುದಿಲ್ಲ. 1095ರಲ್ಲಿ ಸುಮಾರು 0.95% ಕಾರ್ಬನ್ ಇರುತ್ತದೆ. ಬೇರೆ ಬೆರಕೆ ಹೆಚ್ಚಿಲ್ಲ. ಕೇಳಲು ಸುಲಭದ ಉಕ್ಕು, ಮಾಡಲು ಹಠಮಾರಿ. ಕೆಂಪು ಕಾವಿನಿಂದ ಒಂದು ಸೆಕೆಂಡಿನ ಒಳಗೆ ಸರ್ರನೆ ತಣ್ಣಗಾಗಬೇಕು. ಅದಕ್ಕೆ ಬೇಗ ತಣಿಸುವ ಎಣ್ಣೆ (ಕ್ವೆಂಚಿಂಗ್ ಆಯಿಲ್) ಬೇಕು. ಸುಮ್ನೆ ಹಳೇ ಎಂಜಿನ್ ಆಯಿಲ್‌ನಲ್ಲಿ ಅದ್ದಿದರೆ ಅಲ್ಲಲ್ಲಿ ಮೆತ್ತಗೆ ಉಳಿಯುತ್ತದೆ. ಅದೇ ಲಾರಿ ಪ್ಲೇಟಿನ 5160 ಅಥವಾ ಇಎನ್45 ಆದರೆ ಇಷ್ಟು ಕಾಡುವುದಿಲ್ಲ. 5160ರಲ್ಲಿ ಕ್ರೋಮಿಯಂ, ಇಎನ್45ರಲ್ಲಿ ಸಿಲಿಕಾನ್ ಮತ್ತು ಮ್ಯಾಂಗನೀಸ್ ಇರುವುದರಿಂದ ಎಣ್ಣೆಯಲ್ಲಿ ಆರಾಮಾಗಿ ಗಟ್ಟಿಯಾಗುತ್ತವೆ. ಸಣ್ಣ ಕುಲುಮೆಯವರು ‘ನಾನು 5160 ಬಿಟ್ಟು ಬೇರೆ ಮುಟ್ಟುವುದಿಲ್ಲ’ ಅಂದರೆ ನನಗೆ ಅವರ ಮೇಲೆ ನಂಬಿಕೆ ಜಾಸ್ತಿ. ಒಂದೇ ಉಕ್ಕನ್ನು ನೂರು ಸಲ ಮಾಡಿದವರು ಅವರು.

ಡಿ2 ಅನ್ನುವ ಉಕ್ಕು ಅಥವಾ ಸ್ಟೇನ್‌ಲೆಸ್ ಅಂತ ಹಾಕಿದ್ದರೆ ಫರ್ನೇಸ್ ಇದೆಯಾ ಎಂದು ಕೇಳಿ. ಅವುಗಳನ್ನು 1,000 ಡಿಗ್ರಿ ದಾಟಿಸಿ, ಅಷ್ಟೇ ಕಾವಿನಲ್ಲಿ ಹೊತ್ತು ಇಡಬೇಕು. ಇದ್ದಿಲ ಒಲೆಯಲ್ಲಿ ಕಣ್ಣಳತೆಗೆ ಆಗುವ ಕೆಲಸ ಅಲ್ಲ. ಎಷ್ಟೋ ಜನ ಹೊರಗೆ ನಮ್ಮಂಥ ಶಾಪಿಗೆ ಕೊಟ್ಟು ಮಾಡಿಸುತ್ತಾರೆ. ಅದು ತಪ್ಪಲ್ಲ. ಹೇಳಿಕೊಂಡರೆ ಇನ್ನೂ ಒಳ್ಳೆಯದು.

ಲೆಕ್ಕಾಚಾರ

ಎಲ್ಲ ಸರಿ. ಆದರೆ ನೇರ ಪ್ರಶ್ನೆ. ₹1,500ಕ್ಕೆ ಕಾರ್ಖಾನೆಯ ಸ್ಟೇನ್‌ಲೆಸ್ ಚಾಕು ಸಿಗುತ್ತದೆ. ತುಕ್ಕು ಹಿಡಿಯುವುದಿಲ್ಲ. ಪ್ರತಿಯೊಂದೂ ಒಂದೇ ಥರ ಇರುತ್ತದೆ. ಎರಡು ಹೊತ್ತು ಸಾರು ಪಲ್ಯ ಮಾಡುವ ಮನೆಗೆ ₹6,500 ಯಾಕೆ? ನನ್ನ ಹೆಂಡತಿ ಚಾಕುವನ್ನು ಸಿಂಕಿನಲ್ಲಿ ಬಿಟ್ಟು ಆಫೀಸಿಗೆ ಹೋಗುತ್ತಾಳೆ, ನಾನೂ ಅಷ್ಟೇ. ಅಂಥ ಮನೆಗೆ ಹೈ ಕಾರ್ಬನ್ ಕೊಟ್ಟರೆ ಸಂಜೆಗೆ ಕೆಂಪು ತುಕ್ಕು.

ಉಡುಪಿ ಅಡುಗೆಮನೆ

ಲೆಕ್ಕಾಚಾರ ಅವರೇ, ನಿಮ್ಮ ಮನೆಗೆ ನೀವು ಹೇಳಿದ್ದೇ ಸರಿ. ನಾನು ಅದನ್ನು ಮನಸಾರೆ ಹೇಳುತ್ತಿದ್ದೇನೆ. ತೊಳೆದು ಒರೆಸಿ ಇಡುವ ಅಭ್ಯಾಸ ಇಲ್ಲದ ಮನೆಗೆ ಸ್ಟೇನ್‌ಲೆಸ್ಸೇ ತರಬೇಕು. ಜರ್ಮನ್ ಮಾದರಿಯ ಕಾರ್ಖಾನೆ ಚಾಕುಗಳು 56-57 ಎಚ್‌ಆರ್‌ಸಿ ಇರುತ್ತವೆ, ಮೊಂಡಾದರೂ ಬೇಗ ಮಸೆಯಬಹುದು.

ಆದರೆ ಇಲ್ಲಿವರೆಗೆ ಎಲ್ಲರೂ ಉಕ್ಕಿನ ಬಗ್ಗೆಯೇ ಮಾತಾಡಿದಿರಿ ಮಾರಾಯ್ರೆ, ಕೊಯ್ಯುವುದು ಹೇಗೆ ಅಂತ ಯಾರೂ ಹೇಳಲಿಲ್ಲ. ನಾನು ಮೂವತ್ತು ವರ್ಷದಿಂದ ಅಡುಗೆ ಮಾಡುತ್ತಿದ್ದೇನೆ, ಮೊದಲು ಮೆಟ್ಟುಕತ್ತಿಯಲ್ಲಿ (ಈಳಿಗೆ ಮಣೆ), ಈಗ ಅದರಲ್ಲೂ ಚಾಕುವಿನಲ್ಲೂ. ನನ್ನ ಪರೀಕ್ಷೆ ಕ್ಯಾರೆಟ್. ದಪ್ಪದ ಕ್ಯಾರೆಟ್ ತೆಗೆದುಕೊಂಡು ನಿಧಾನಕ್ಕೆ ಒತ್ತಿ. ಒಳ್ಳೆಯ ಚಾಕು ಸದ್ದಿಲ್ಲದೆ ಇಳಿಯುತ್ತದೆ. ದಪ್ಪ ಚಾಕು ಅರ್ಧಕ್ಕೆ ಹೋಗಿ ‘ಟಕ್’ ಎಂದು ಕ್ಯಾರೆಟನ್ನು ಸೀಳುತ್ತದೆ. ಎರಡೂ ಕೂದಲು ಬೋಳಿಸುವಷ್ಟು ಹರಿತ ಇರಬಹುದು. ವ್ಯತ್ಯಾಸ ಹರಿತದ್ದಲ್ಲ. ಬಾಯಿಯ ಹಿಂದೆ ಅಲಗು ಎಷ್ಟು ತೆಳ್ಳಗಿದೆ ಎನ್ನುವುದು.

ಇದನ್ನು ಮಾಡಿದವರ ಹತ್ತಿರ ಕೇಳಬಹುದು. ‘ಬಾಯಿಯಿಂದ ಸ್ವಲ್ಪ ಮೇಲೆ ದಪ್ಪ ಎಷ್ಟು?’ ತರಕಾರಿ ಚಾಕುವಿಗೆ 0.2ರಿಂದ 0.4 ಮಿ.ಮೀ. ಇದ್ದರೆ ಚೆನ್ನ. ಎರಡು ಎ4 ಹಾಳೆ ಒಟ್ಟಿಗೆ ಹಿಡಿದರೆ ಸುಮಾರು 0.2 ಮಿ.ಮೀ. ಆಗುತ್ತದೆ, ಅಷ್ಟು ತೆಳ್ಳಗೆ ಇರಬೇಕು ಅಂತ ಲೆಕ್ಕ ಹಾಕಿ. ಹೊಸಬರು ಮಾಡುವ ಚಾಕುಗಳಲ್ಲಿ ನಾನು ಕಂಡ ದೊಡ್ಡ ಕೊರತೆ ಇದೇ. ಹೆದರಿ ದಪ್ಪ ಬಿಡುತ್ತಾರೆ. ನೋಡಲು ಗಟ್ಟಿಮುಟ್ಟು, ಈರುಳ್ಳಿ ಹೆಚ್ಚುವಾಗ ಕೈ ನೋವು. ತೆಳ್ಳಗೆ ಮಾಡಿಯೂ ಮುಕ್ಕಾಗದ ಹಾಗೆ ಹದ ಕೊಡುವುದು ಕಷ್ಟದ ಕೆಲಸ. ದುಡ್ಡು ಅದಕ್ಕೆ.

ಇನ್ನು ಹೈ ಕಾರ್ಬನ್ ತರುವವರಿಗೆ ಒಂದು ಮಾತು. ಬಾಳೆಕಾಯಿ, ಬಾಳೆಹೂವು, ಮಾವಿನಕಾಯಿ ಕೊಯ್ದರೆ ಚಾಕುವೂ ಕಪ್ಪಾಗುತ್ತದೆ, ತರಕಾರಿಯೂ ಕಪ್ಪಾಗುತ್ತದೆ. ಒಗರಿನ ಅಂಶ ಕಬ್ಬಿಣಕ್ಕೆ ತಾಗಿದರೆ ಹಾಗೇ. ಕೊಯ್ದ ಹೋಳನ್ನು ಮಜ್ಜಿಗೆ ನೀರಿಗೆ ಹಾಕುತ್ತಾ ಹೋದರೆ ಸಾಕು. ಹಲಸಿನಕಾಯಿ ಕೊಯ್ಯುವ ಮುಂಚೆ ಅಲಗಿಗೆ ತೆಂಗಿನೆಣ್ಣೆ ಹಚ್ಚುವುದು ನಿಮಗೆಲ್ಲ ಗೊತ್ತೇ ಇದೆ, ಅಲ್ವಾ? ಕೆಲವು ತಿಂಗಳಿಗೆ ಅಲಗಿನ ಮೇಲೆ ಬೂದು ನೀಲಿ ಬಣ್ಣ ಕೂತುಕೊಳ್ಳುತ್ತದೆ. ಅದು ತುಕ್ಕಲ್ಲ. ತಿಕ್ಕಿ ತೆಗೆಯಬೇಡಿ, ಅದು ಕೂತ ಮೇಲೆ ತುಕ್ಕು ಕಡಿಮೆ.

ಕಬ್ಬಿಣ ಬಡಿಯುವವ

ಮೇಡಂ ಹೇಳಿದ್ದನ್ನು ಓದಿ ಸಂತೋಷವಾಯಿತು. ನಾನೇ ಚಾಕು ಮಾಡುತ್ತೇನೆ, ಐದು ವರ್ಷ ಆಯಿತು. ಮೊದಲ ವರ್ಷ ನಾನು ಮಾಡಿದ್ದೆಲ್ಲ ದಪ್ಪವೇ.

ಸಾಗರದವರು ಕೇಳಿದ ‘ಹತ್ತು ಪಟ್ಟು’ ಪ್ರಶ್ನೆಗೆ ನನ್ನ ಲೆಕ್ಕ ಬಿಚ್ಚಿಡುತ್ತೇನೆ. ₹6,500ರ ಚಾಕು ಅಂದುಕೊಳ್ಳಿ. ಉಕ್ಕಿಗೆ ₹400. ಸಾಣೆ ಬೆಲ್ಟಿಗೆ ₹700. ಮರ, ಅಂಟು, ಹಿತ್ತಾಳೆ ಪಿನ್ನಿಗೆ ₹500. ಹದ ಮಾಡಿಸಿ ಅಳೆಸಲು ₹300. ಪ್ಯಾಕಿಂಗ್, ಕೊರಿಯರ್ ₹300. ₹2,200 ಹೋಯಿತು. ಉಳಿದ ₹4,300ಕ್ಕೆ ನನ್ನ ಕೆಲಸ 14 ಗಂಟೆ. ಗಂಟೆಗೆ ₹300ರ ಆಸುಪಾಸು. ಅದರಲ್ಲೇ ಕರೆಂಟು, ಬಾಡಿಗೆ. ಜೊತೆಗೆ ಹತ್ತರಲ್ಲಿ ಒಂದು ಅದ್ದುವಾಗಲೇ ಬಿರಿಯುತ್ತದೆ ಅಥವಾ ಸೊಟ್ಟ ಆಗುತ್ತದೆ. ಅದನ್ನು ಕಸಕ್ಕೆ ಹಾಕಬೇಕು. ಯಾರಿಗೂ ಮಾರಬಾರದು.

ಸಮಯ ಎಲ್ಲಿ ಹೋಗುತ್ತದೆ ಅಂದರೆ, ಬಡಿಯುವುದರಲ್ಲಿ ಅಲ್ಲ, ಸಾಣೆಯಲ್ಲಿ. ಹದ ಕೊಟ್ಟ ಮೇಲೆ ತೆಳ್ಳಗೆ ಮಾಡುವಾಗ ಬರಿಗೈಯಲ್ಲಿ ಹಿಡಿದು, ಬೆರಳಿಗೆ ಬಿಸಿ ತಾಗಿದ ತಕ್ಷಣ ನೀರಿಗೆ ಅದ್ದಬೇಕು. ಮೊನೆಯ ಹತ್ತಿರ ಒಂದು ಕ್ಷಣ ಜಾಸ್ತಿ ಒತ್ತಿದರೂ ನೀಲಿ ಬರುತ್ತದೆ. ನೀಲಿ ಬಂತೆಂದರೆ ಅಲ್ಲಿ ಹದ ಹೋಯಿತು. ಆಮೇಲೆ ಆ ನೀಲಿಯನ್ನು ಪಾಲಿಶ್ ಮಾಡಿ ಅಳಿಸಬಹುದು, ಕೊಳ್ಳುವವರಿಗೆ ಕಾಣಿಸುವುದಿಲ್ಲ. ಮೆತ್ತಗಾಗಿದ್ದು ಮಾತ್ರ ಹಾಗೇ ಇರುತ್ತದೆ. ಒಂದೇ ಜಾಗದಲ್ಲಿ, ಅದರಲ್ಲೂ ಮೊನೆಯಲ್ಲಿ, ಪದೇ ಪದೇ ಮೊಂಡಾಗುತ್ತಿದ್ದರೆ ಇದೇ ಕಾರಣ.

ಫೋಟೋದಲ್ಲಿ ನೋಡಬೇಕಾದ್ದು: ಬೆನ್ನಿನ ಕಡೆಯಿಂದ ತೆಗೆದ ಫೋಟೋ ಕೇಳಿ. ಹಿಡಿಯ ಹತ್ತಿರ ದಪ್ಪ ಇದ್ದು ಮೊನೆಯ ಕಡೆ ಸಣ್ಣಗಾಗುತ್ತಾ ಹೋಗಬೇಕು, ದಾರದಷ್ಟು ನೇರ ಇರಬೇಕು. ಬಾಯಿಯ ಕಡೆಯಿಂದಲೂ ಒಂದು ಫೋಟೋ. ಹಿಡಿ ಮತ್ತು ಅಲಗು ಸೇರುವ ಜಾಗ ಹತ್ತಿರದಿಂದ. ಅಲ್ಲಿ ಕೂದಲೆಳೆಯಷ್ಟು ಸಂದು ಇದ್ದರೂ ನೀರು ಇಳಿದು ಒಳಗೊಳಗೇ ತುಕ್ಕು ತಿನ್ನುತ್ತದೆ. ಪಕ್ಕದಿಂದ ತೆಗೆದ ಚಂದದ ಫೋಟೋ ಒಂದೇ ಹಾಕಿದವರ ಹತ್ತಿರ ಈ ಮೂರನ್ನು ಕೇಳಿ, ಕಳಿಸುತ್ತಾರಾ ನೋಡಿ.

ಗದಗಿನ ಮಂದಿ

ಕಬ್ಬಿಣ ಬಡಿಯುವವರೇ, ನಿಮ್ಮ ಲೆಕ್ಕ ನೋಡಿ ನನಗೆ ನಮ್ಮೂರ ಕಂಬಾರರ ನೆನಪಾಯಿತು. ನಮ್ಮ ಕಡೆ ಆಯದ ಪದ್ಧತಿ ಇತ್ತು. ಕಂಬಾರರು ಆಯಗಾರರು. ಕುಡುಗೋಲಿಗೆ ಇಷ್ಟು, ನೇಗಿಲ ಕುಡಕ್ಕೆ ಇಷ್ಟು ಅಂತ ರೊಕ್ಕ ಕೊಡುತ್ತಿರಲಿಲ್ಲ. ಸುಗ್ಗಿಗೆ ಕಣದಲ್ಲಿ ಜೋಳ ಅಳೆದು ಕೊಡುತ್ತಿದ್ದರು. ಅದಕ್ಕೆ ವರ್ಷಪೂರ್ತಿ ಹಣಿದು (ಬಡಿದು ಹರಿತ ಮಾಡಿ) ಕೊಡುವುದು, ಹಲ್ಲು ಹೊಡೆದು ಕೊಡುವುದು, ಹಿಡಿ ಸಡಿಲಾದರೆ ಕೂಡಿಸಿ ಕೊಡುವುದು ಎಲ್ಲ ಸೇರಿತ್ತು. ಅಂದರೆ ಜನ ಕೊಳ್ಳುತ್ತಿದ್ದುದು ಬರೀ ಕುಡುಗೋಲನ್ನಲ್ಲ, ಅದು ಹರಿತ ಇರುವ ಹಾಗೆ ನೋಡಿಕೊಳ್ಳುವ ಮನುಷ್ಯನನ್ನು. ಕೆಟ್ಟದ್ದು ಮಾಡಿದರೆ ನಾಳೆ ಬೆಳಿಗ್ಗೆ ಅದೇ ಮನುಷ್ಯ ಕುಲುಮೆ ಮುಂದೆ ಬಂದು ನಿಲ್ಲುತ್ತಾನೆ ಅಂತ ಮಾಡುವವರಿಗೂ ಗೊತ್ತಿತ್ತು.

ಹಾಗಾಗಿ ನನ್ನ ಸಲಹೆ ಒಂದೇ. ಉಕ್ಕು ಯಾವುದು ಅಂತ ಕೇಳುವ ಮುಂಚೆ ‘ಮೊಂಡಾದರೆ ನೀವೇ ಮಸೆದು ಕೊಡುತ್ತೀರಾ, ಮುಕ್ಕಾದರೆ ವಾಪಸ್ ತಗೊಳ್ಳುತ್ತೀರಾ’ ಅಂತ ಕೇಳಿ. ₹6,500ರಲ್ಲಿ ಅದು ಸೇರಿದ್ದರೆ ತುಟ್ಟಿ ಅಲ್ಲ. ಸೇರಿಲ್ಲದಿದ್ದರೆ ₹600ರ ಕತ್ತಿಯೇ ಮೇಲು, ಯಾಕೆಂದರೆ ಕುಲುಮೆ ಊರಲ್ಲೇ ಇದೆ.

ತೋಟದಮನೆ

ಗದಗಿನವರ ಮಾತಿಗೆ ಒಂದು ಸೇರಿಸುತ್ತೇನೆ. ಊರಿನ ಕತ್ತಿಗೆ ₹600 ಅನ್ನುವುದು ನಿಜವಾದ ಬೆಲೆ ಅಲ್ಲ. ಅಡಿಕೆ ಕೊನೆ ತೆಗೆಯುವವರ ಒಂದು ದಿನದ ಕೂಲಿಗಿಂತ ಕಡಿಮೆ ಅದು. ಮಾಡುವವರು ಎಪ್ಪತ್ತರ ಹತ್ತಿರ, ಮಗ ಪೇಟೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದಾನೆ. ನಮ್ಮ ಸುತ್ತಿನಲ್ಲಿ ನಾಲ್ಕು ಕುಲುಮೆ ಇದ್ದದ್ದು ಈಗ ಒಂದು. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಕಮ್ಮಾರಿಕೆಯೂ ಇದೆ, ಸಲಕರಣೆಗೆ ₹15,000ದವರೆಗೆ ಕೊಡುತ್ತಾರೆ. ಒಳ್ಳೆಯದೇ. ಆದರೆ ಸಲಕರಣೆ ಬಂದರೂ ಕತ್ತಿಗೆ ₹600ಕ್ಕಿಂತ ಜಾಸ್ತಿ ಕೊಡಲು ನಾವು ಚೌಕಾಸಿ ಮಾಡುತ್ತೇವೆ. ಒಳ್ಳೆ ಹದ ಇರುವವರಿಗೆ ಕೇಳಿದ್ದಕ್ಕಿಂತ ನೂರು ಇನ್ನೂರು ಜಾಸ್ತಿ ಕೊಡಿ ಎಂದು ಕೈ ಮುಗಿದು ಹೇಳುತ್ತೇನೆ.

ಕೊಡಗಿನ ಮಳೆ

ಬೆಲೆ ಅಂದಾಗ ನಮ್ಮ ಪೀಚೆಕತ್ತಿ ಬಗ್ಗೆ ಹೇಳಲೇಬೇಕು. ಮದುವೆಯಲ್ಲಿ ಕುಪ್ಯ (ಉದ್ದ ಕೋಟು) ಹಾಕಿ, ಕೆಂಪು ಚೇಲೆ (ಸೊಂಟಪಟ್ಟಿ) ಕಟ್ಟಿ, ಮುಂದೆ ಸಿಕ್ಕಿಸಿಕೊಳ್ಳುವ ಸಣ್ಣ ಬಾಕು ಪೀಚೆಕತ್ತಿ. ಬೆನ್ನ ಹಿಂದೆ ತೊಡಂಗ್‌ (ಕತ್ತಿ ಹಿಡಿಯುವ ಕೊಂಡಿ) ನಲ್ಲಿ ಸಿಕ್ಕಿಸುವುದು ಒಡಿಕತ್ತಿ, ಅಗಲ ಅಲಗಿನದು. ಪೀಚೆಕತ್ತಿಯ ಬೆಲೆ ಹೆಚ್ಚಾಗುವುದು ಹಿಡಿ ಮತ್ತು ಒರೆಯ ಬೆಳ್ಳಿ ಕೆಲಸದಿಂದ. ಅಲಗಿನಿಂದ ಅಲ್ಲ. ಮಡಿಕೇರಿಗೆ ಬಂದ ಪ್ರವಾಸಿಗರು ನೆನಪಿಗೆ ಎಂದು ಕೊಳ್ಳುವುದರಲ್ಲಿ ಎಷ್ಟೋ ಬರೀ ತಗಡು, ಹದವೇ ಕೊಟ್ಟಿರುವುದಿಲ್ಲ. ಗೋಡೆಗೆ ತೂಗು ಹಾಕಲು ಸರಿ. ಬೆಳ್ಳಿಗೆ ಕೊಡುವ ದುಡ್ಡು ಬೇರೆ, ಉಕ್ಕಿಗೆ ಕೊಡುವ ದುಡ್ಡು ಬೇರೆ. ಮಾರುವವರ ಹತ್ತಿರ ಎರಡನ್ನೂ ಬಿಡಿಸಿ ಕೇಳಬೇಕು. ನಮ್ಮ ಮನೆಯಲ್ಲಿ ತಾತನ ಕಾಲದ ಒಡಿಕತ್ತಿ ಇದೆ. ನಮ್ಮ ಆಯುಧಗಳ ಹಬ್ಬ ಕೈಲ್‌ಪೊಳ್ದ್‌ಗೆ ತೋಕ್ (ಬಂದೂಕು) ಜೊತೆ ಇಟ್ಟು ಪೂಜೆ ಮಾಡುತ್ತೇವೆ. ಒಂದು ಗ್ರಾಂ ಬೆಳ್ಳಿ ಇಲ್ಲ ಅದರಲ್ಲಿ. ಬೆರಳಿನಿಂದ ತಟ್ಟಿದರೆ ಗಂಟೆಯ ಹಾಗೆ ಸದ್ದು.

ಪೀಣ್ಯದವನು

ಆ ಸದ್ದು ನಿಜಕ್ಕೂ ಉಪಯೋಗದ ಪರೀಕ್ಷೆ. ಸಂತೆಯಲ್ಲಿ ಮಡಕೆ ತಟ್ಟಿ ನೋಡುವುದಿಲ್ಲವಾ, ಹಾಗೆಯೇ. ಹಿಡಿ ಹಾಕುವ ಮುಂಚೆ ಅಲಗನ್ನು ತೂಗಾಡಿಸಿ ತಟ್ಟಿದಾಗ ಸದ್ದು ಒಡಕಾಗಿ ಬಂದರೆ ಒಳಗೆ ಎಲ್ಲೋ ಬಿರುಕು ಇರಬಹುದು. ಹಳೇ ಲಾರಿ ಪ್ಲೇಟಿನಲ್ಲಿ ಲಕ್ಷಾಂತರ ಸಲ ಬಾಗಿ ಬಾಗಿ ಆದ ಕಣ್ಣಿಗೆ ಕಾಣದ ಬಿರುಕು ಇರುವುದುಂಟು.

ಕೈಗೆ ಬಂದ ಮೇಲೆ ಮಾಡಬಹುದಾದ ಇನ್ನೊಂದು ಪರೀಕ್ಷೆ. ಪೆನ್ಸಿಲ್ ದಪ್ಪದ ಹಿತ್ತಾಳೆ ಸಲಾಕೆಯ ಮೇಲೆ ಬಾಯಿಯನ್ನು ಸ್ವಲ್ಪ ಓರೆಯಾಗಿ ಇಟ್ಟು ಮೆಲ್ಲಗೆ ಒತ್ತಿ. ಬೆಳಕಿಗೆ ಹಿಡಿದು ನೋಡಿದರೆ ಬಾಯಿ ಸ್ವಲ್ಪ ಬಾಗುವುದು ಕಾಣುತ್ತದೆ. ಒತ್ತಡ ತೆಗೆದಾಗ ವಾಪಸ್ ನೇರ ಆದರೆ ಹದ ಸರಿ. ಬಾಗಿಯೇ ಉಳಿದರೆ ಮೆತ್ತಗೆ. ಚೂರು ಕಿತ್ತು ಬಂದರೆ ಬಿರುಸು ಜಾಸ್ತಿ. ತೆಳ್ಳಗಿನ ಬಾಯಿಗೆ ಮಾತ್ರ ಇದು, ಕಣ್ಣಿಗೆ ಕನ್ನಡಕ ಹಾಕಿ ಮಾಡಿ. ಅರದಿಂದ ಉಜ್ಜಿ ನೋಡುವುದೂ ಇದೆ. ಅರ 60 ಎಚ್‌ಆರ್‌ಸಿಗಿಂತ ಮೇಲೆ ಗಟ್ಟಿ ಇರುತ್ತದೆ. ಅದು ಜಾರಿದರೆ ಬಾಯಿ ಗಟ್ಟಿ, ಬೆಣ್ಣೆಯ ಹಾಗೆ ಕಚ್ಚಿದರೆ ಹದವೇ ಇಲ್ಲ. ಅಷ್ಟು ಮಾತ್ರ ಗೊತ್ತಾಗುತ್ತದೆ, 56ಕ್ಕೂ 59ಕ್ಕೂ ವ್ಯತ್ಯಾಸ ಅರ ಹೇಳುವುದಿಲ್ಲ.

ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿ ಎಂದು 1976ರಿಂದ ಇದೆ. ಅವರ ಪರೀಕ್ಷೆ ನನಗೆ ಬಹಳ ಇಷ್ಟ. ತಾನು ಮಾಡಿದ ಚಾಕುವಿನಿಂದ, ಜೋತುಬಿಟ್ಟ ಒಂದು ಇಂಚು ದಪ್ಪದ ಹಗ್ಗವನ್ನು ಒಂದೇ ಏಟಿಗೆ ಕತ್ತರಿಸಬೇಕು. ಮರದ ರೀಪನ್ನು ಕಡಿದು ತುಂಡು ಮಾಡಬೇಕು, ಅದೂ ಎರಡು ಸಲ. ಅಷ್ಟಾದ ಮೇಲೂ ಕೈಯ ಕೂದಲು ಬೋಳಿಸಬೇಕು. ಕೊನೆಗೆ ಅದೇ ಅಲಗನ್ನು ವೈಸ್‌ನಲ್ಲಿ ಹಿಡಿದು 90 ಡಿಗ್ರಿ ಬಗ್ಗಿಸಬೇಕು, ಮುರಿಯಬಾರದು. ಆ ಚಾಕು ಅಲ್ಲಿಗೆ ಮುಗಿಯಿತು, ಮಾರಲು ಬರುವುದಿಲ್ಲ. ಅವರು ಪರೀಕ್ಷೆ ಮಾಡುವುದು ಮಾಡುವವರ ಕೈಯನ್ನು. ನಮ್ಮಲ್ಲಿ ಅಂಥದ್ದು ಇಲ್ಲ. ಆದರೆ ‘ನೀವು ಮಾಡಿದ್ದನ್ನು ಯಾವತ್ತಾದರೂ ಬೇಕಂತಲೇ ಮುರಿದು ನೋಡಿದ್ದೀರಾ?’ ಎಂದು ಕೇಳಬಹುದು. ಮುರಿದ ಜಾಗ ಬೂದುಬಣ್ಣದಲ್ಲಿ ನುಣ್ಣಗೆ ಇದ್ದರೆ ಚೆನ್ನ. ಸಕ್ಕರೆಯ ಹಾಗೆ ಕಾಳು ಕಾಳು ಹೊಳೆದರೆ ಕಾಯಿಸಿದ್ದು ಅತಿಯಾಯಿತು ಎಂದು ಅರ್ಥ.

ಓಸಾಕದಿಂದ

ಹಾಸನದವನು, ಕೆಲಸಕ್ಕೆ ಓಸಾಕದಲ್ಲಿ ಇದ್ದೇನೆ. ಪಕ್ಕದಲ್ಲೇ ಸಕಾಯ್ ಊರು, ಚಾಕುವಿಗೆ ಹೆಸರುವಾಸಿ. ಅಲ್ಲಿ ಒಂದು ವಿಷಯ ನೋಡಿ ಕಣ್ಣು ತೆರೆಯಿತು. ಒಬ್ಬರೇ ಪೂರ್ತಿ ಚಾಕು ಮಾಡುವುದು ಕಡಿಮೆ. ಬಡಿದು ಹದ ಕೊಡುವವರು ಒಬ್ಬರು, ಸಾಣೆ ಹಿಡಿಯುವವರು ಇನ್ನೊಬ್ಬರು, ಹಿಡಿ ಹಾಕುವವರು ಮತ್ತೊಬ್ಬರು. ಹಾಗಾಗಿ ‘ಎಲ್ಲ ನನ್ನ ಕೈಯಲ್ಲೇ ಮಾಡಿದ್ದು’ ಎನ್ನುವುದೇ ಗುಣದ ಗುರುತು ಅಂದುಕೊಳ್ಳಬೇಡಿ. ಹದವನ್ನು ಹೊರಗೆ ಮಾಡಿಸಿದರೂ ಕೀಳಲ್ಲ.

ಅಲ್ಲಿನ ಒಳ್ಳೆಯ ಚಾಕುಗಳಲ್ಲಿ ಬಾಯಿಗೆ ಮಾತ್ರ ಗಟ್ಟಿ ಉಕ್ಕು, ಮೈಗೆ ಮೆತ್ತನೆ ಕಬ್ಬಿಣ, ಎರಡನ್ನೂ ಕಾಯಿಸಿ ಬಡಿದು ಬೆಸೆದಿರುತ್ತಾರೆ. ಇದನ್ನು ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ‘ಅಯ್ಯೋ, ನಮ್ಮಲ್ಲಿ ಕೊಡಲಿಗೆ ಉಕ್ಕು ಹಾಕಿಸುತ್ತಿದ್ದೆವಲ್ಲ, ಅದೇ’ ಅಂದರು. ಎಷ್ಟು ಸರಿ!

ಉಕ್ಕು ಅಂದಾಗ ಇನ್ನೊಂದು. ನಮ್ಮ ಹಳೇ ಕಾಲದ ಉಕ್ಕಿಗೆ ‘ವೂಟ್ಜ್’ ಅಂತ ಜಗತ್ತಿಗೆಲ್ಲ ಗೊತ್ತಿರುವ ಹೆಸರು ನಮ್ಮ ‘ಉಕ್ಕು’ ಪದದಿಂದಲೇ ಬಂದದ್ದು ಎಂದು ಬಲ್ಲವರು ಹೇಳುತ್ತಾರೆ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಬುಕನನ್, ಇಲ್ಲಿನ ಜನ ಮಣ್ಣಿನ ಮೂಸೆಯಲ್ಲಿ ಉಕ್ಕು ಮಾಡುವುದನ್ನು ಕಂಡು ಬರೆದಿಟ್ಟಿದ್ದಾನೆ. ಮೂಸೆಯಲ್ಲಿ ಕರಗಿ ನಿಧಾನಕ್ಕೆ ಆರಿದ ಆ ಉಕ್ಕನ್ನು ಬಡಿದಾಗ ಒಳಗಿನಿಂದಲೇ ಅಲೆಯಂಥ ಗೆರೆ ಬರುತ್ತಿತ್ತು. ಈಗ ‘ಡಮಾಸ್ಕಸ್’ ಎಂದು ಮಾರುವುದು ಅದಲ್ಲ. ಎರಡು ಥರದ ಉಕ್ಕನ್ನು ಪದರ ಪದರವಾಗಿ ಬೆಸೆದು, ಆಸಿಡ್‌ನಲ್ಲಿ ಅದ್ದಿ ಗೆರೆ ಎಬ್ಬಿಸುತ್ತಾರೆ. ಚೆನ್ನಾಗಿ ಮಾಡಿದರೆ ಅದೂ ಒಳ್ಳೆಯ ಚಾಕುವೇ. ಆದರೆ ಗೆರೆಯಿಂದ ಕೊಯ್ಯುವ ಗುಣ ಹೆಚ್ಚುವುದಿಲ್ಲ.

ಕಬ್ಬಿಣ ಬಡಿಯುವವ

ಸಾಗರದವರ ಹಳೇ ಚಾಕು ಇನ್ನೂ ಇದ್ದರೆ ನೋಡಬಹುದು. ಅಲಗಿನ ಒಂದು ಮೂಲೆಯನ್ನು ನುಣುಪು ಎಮರಿ ಕಾಗದದಿಂದ ಉಜ್ಜಿ ಗೆರೆ ಅಳಿಸಿ. ಆಮೇಲೆ ನೀರು ಬೆರೆಸಿದ ಫೆರಿಕ್ ಕ್ಲೋರೈಡ್ ಹಚ್ಚಿ, ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುತ್ತದೆ, ಗ್ಲೌಸ್ ಹಾಕಿಕೊಳ್ಳಿ. ನಿಜವಾದ ಪದರ ಇದ್ದರೆ ಗೆರೆ ವಾಪಸ್ ಬರುತ್ತದೆ. ಲೇಸರ್‌ನಲ್ಲಿ ಮೇಲೆ ಮೇಲೆ ಬರೆದದ್ದಾದರೆ ಬರುವುದಿಲ್ಲ. ಬೆನ್ನಿನ ಮೇಲೂ ಗೆರೆ ಮುಂದುವರಿದಿದೆಯಾ ನೋಡಿ.

ಸಾಗರದ ಹುಡುಗ

ಎಲ್ಲರಿಗೂ ಮನಸಾರೆ ಧನ್ಯವಾದ. ಆರು ವಾರ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ. ಇಷ್ಟರಲ್ಲಿ ಮೂರು ಕೆಲಸ ಆಯಿತು.

ಹಳೇ ಚಾಕುವನ್ನು ಉಜ್ಜಿ ಆಸಿಡ್ ಹಚ್ಚಿದೆ. ಗೆರೆ ವಾಪಸ್ ಬರಲಿಲ್ಲ, ಬರೀ ಬೂದು.

₹6,500ರವರಿಗೆ ಇಲ್ಲಿ ಬಂದ ಪ್ರಶ್ನೆಗಳನ್ನೆಲ್ಲ ಕಳಿಸಿದೆ. ಬೇಜಾರು ಮಾಡಿಕೊಳ್ಳಬಹುದು ಅಂದುಕೊಂಡಿದ್ದೆ, ಅವರು ಫೋನೇ ಮಾಡಿದರು. 60 ಎಚ್‌ಆರ್‌ಸಿ ಚಾರ್ಟಿನಿಂದ ಹಾಕಿದ್ದು, ಅಳೆಸಿಲ್ಲ ಎಂದು ಮುಚ್ಚುಮರೆ ಇಲ್ಲದೆ ಒಪ್ಪಿಕೊಂಡರು. ಬಾಯಿಯ ಹಿಂದಿನ ದಪ್ಪವನ್ನು ವರ್ನಿಯರ್ ಹಿಡಿದು ಫೋಟೋ ಕಳಿಸಿದರು, 0.35 ಮಿ.ಮೀ. ಬೆನ್ನಿನ ಫೋಟೋವೂ ಬಂತು. 15 ದಿನ ಬಳಸಿ ಮುಕ್ಕಾದರೆ ವಾಪಸ್, ವರ್ಷಕ್ಕೊಮ್ಮೆ ಕೊರಿಯರ್ ಖರ್ಚು ಕೊಟ್ಟರೆ ಮಸೆದು ಕೊಡುತ್ತೇನೆ ಅಂದರು. ನಾನು 8 ಇಂಚಿನದು ಬಿಟ್ಟು 6 ಇಂಚಿನದು ತಗೊಂಡೆ, ₹4,200. ಕ್ಯಾರೆಟ್ ಪರೀಕ್ಷೆ ಮಾಡಿದೆ ಅಕ್ಕ. ಸದ್ದೇ ಇಲ್ಲ.

ಮೂರನೆಯದು ನನಗೆ ಹೆಚ್ಚು ಖುಷಿ ಕೊಟ್ಟದ್ದು. ಆಯುಧಪೂಜೆಗೆ ಊರಿಗೆ ಹೋಗಿದ್ದಾಗ ಅಪ್ಪನ ಜೊತೆ ಕುಲುಮೆಗೆ ಹೋದೆ. ಪೂಜೆಯ ಕುಂಕುಮ ಇನ್ನೂ ಅಡಿಗಲ್ಲಿನ ಮೇಲಿತ್ತು. ಅಡುಗೆಗೆ ಒಂದು ಚಾಕು, ತೆಳ್ಳಗೆ ಬೇಕು ಎಂದೆ. ‘ತೆಳ್ಳಗೆ ಯಾರೂ ಕೇಳುವುದಿಲ್ಲವಲ್ಲ ಮಾರಾಯ, ಎಲ್ಲರಿಗೂ ಗಟ್ಟಿ ಬೇಕು’ ಎಂದು ನಕ್ಕರು. ಮಾರನೆ ದಿನ ನನ್ನ ಎದುರಿಗೇ ಹದ ಕೊಟ್ಟರು. ತೋಟದಮನೆ ಅಣ್ಣ ಹೇಳಿದ ಬಣ್ಣಗಳನ್ನು ಕಣ್ಣಾರೆ ನೋಡಿದೆ. ಹಳದಿ ಬಾಯಿಯ ಅಂಚಿಗೆ ಬಂದು ಮುಟ್ಟುವ ಹೊತ್ತಿಗೆ ನಾನೂ ಉಸಿರು ಬಿಟ್ಟಿರಲಿಲ್ಲ. ಹಲಸಿನ ಮರದ ಹಿಡಿ, ಅಲಗಿನ ಬಾಲವನ್ನು ಕಾಯಿಸಿ ಅರಗು ಹಾಕಿ ಕೂಡಿಸಿದರು, ಒನಕೆಗೆ ಹಾಕುವ ಹಾಗೆ ಹಿಡಿಯ ಬಾಯಿಗೊಂದು ಹಿತ್ತಾಳೆ ಅಣಸು (ಬಳೆ). ₹500 ಕೇಳಿದರು, ₹800 ಕೊಟ್ಟೆ.

ಈಗ ಎರಡನ್ನೂ ದಿನಾ ಬಳಸುತ್ತಿದ್ದೇನೆ. ಊರಿನದು ಇನ್ನೂ ಸ್ವಲ್ಪ ದಪ್ಪ, ಕ್ಯಾರೆಟ್ ಸೀಳುತ್ತದೆ. ಆದರೆ ಕುಂಬಳಕಾಯಿ, ಸುವರ್ಣಗೆಡ್ಡೆ, ತೆಂಗಿನಕಾಯಿಯ ತಿರುಳಿಗೆ ಅದೇ ಕೈಗೆ ಬರುತ್ತದೆ. ಎರಡು ವಾರದಲ್ಲಿ ಒಂದು ಸಲ ಮಸೆದಿದ್ದೇನೆ, ಒಂದು ಮುಕ್ಕೂ ಇಲ್ಲ.

ಉಡುಪಿ ಅಡುಗೆಮನೆ

ಬಹಳ ಸಂತೋಷ ಆಯಿತು ತಮ್ಮ. ದಪ್ಪ ಇದ್ದದ್ದನ್ನು ನೀವೇ ಕಲ್ಲಿನ ಮೇಲೆ ಅಗಲಕ್ಕೆ ಮಲಗಿಸಿ ಉಜ್ಜಿ ತೆಳ್ಳಗೆ ಮಾಡಬಹುದು. ಮಷೀನಿಗೆ ಮಾತ್ರ ಕೊಡಬೇಡಿ, ಹದ ಸುಟ್ಟು ಹೋಗುತ್ತದೆ. ವಾಪಸ್ ಕುಲುಮೆಗೆ ಒಯ್ದರೆ ಅವರು ಏನನ್ನುತ್ತಾರೆ?

ಸಾಗರದ ಹುಡುಗ

ಕೇಳಿದೆ ಅಕ್ಕ, ನಿನ್ನೆ ಅಪ್ಪ ಫೋನ್ ಅವರ ಕೈಗೇ ಕೊಟ್ಟರು. ‘ಕಾಯಿಸಿ ಹಣಿದರೆ ಹದ ಮತ್ತೆ ಮೊದಲಿಂದ ಕೊಡಬೇಕು, ಗಡಿಬಿಡಿ ಕೆಲಸ ಅಲ್ಲ. ದೀಪಾವಳಿಗೆ ಬರುವಾಗ ತಗೊಂಡು ಬಾ, ಒಂದು ದಿನ ಬಿಟ್ಟು ಹೋಗು’ ಅಂದರು. ಅಪ್ಪನ ಕತ್ತಿಯ ಹಿಡಿಯೂ ಸಡಿಲಾಗಿದೆ, ಎರಡನ್ನೂ ಒಟ್ಟಿಗೆ ಒಯ್ಯುತ್ತೇನೆ.